ಗದ್ದಲ ಮಾಡದ ಹುಡುಗಿಯ ಕಡೆಗೂ ನೋಡು, ತಂಗಿ

ರಾಮಥಾಳದ ಶಾಲೆಗೆ ಹೊಸದಾಗಿ ಬಂದಿದ್ದೀ, ಒಳ್ಳೆಯದಾಗಲಿ. ಮಕ್ಕಳ ಬಾಯಲ್ಲಿ ನೀನು ‘ಅಕ್ಕೋರು’ ಆಗಲು ನಾಲ್ಕು ದಿನವೂ ಬೇಕಿಲ್ಲ. ಪಾಠದ ಯೋಜನೆ, ಹಾಜರಿ, ಬಿಸಿಯೂಟದ ಲೆಕ್ಕ, ಇವನ್ನೆಲ್ಲ ಬೇರೆಯವರು ಕಲಿಸುತ್ತಾರೆ. ಹುನಗುಂದ ತಾಲೂಕಿನ ಶಾಲೆಗಳಲ್ಲೇ ತಲೆ ಹಣ್ಣಾದವಳು ನಾನು. ತರಬೇತಿಯಲ್ಲಿ ಅರ್ಧ ತಾಸಿನಲ್ಲಿ ಮುಗಿಸಿಬಿಡುವ ಒಂದು ವಿಷಯವನ್ನು ಸಾವಕಾಶವಾಗಿ ಹೇಳುತ್ತೇನೆ, ಕೇಳು. ಆಟಿಸಂ ಇರುವ ಹುಡುಗ ನಿನ್ನ ಕಣ್ಣಿಗೆ ತಾನಾಗಿಯೇ ಬೀಳುತ್ತಾನೆ. ಹುಡುಗಿಯನ್ನು ನೀನೇ ಹುಡುಕಬೇಕು.

ಹುಡುಗನ ಮಾತು ಮೊದಲು ಮುಗಿಸಿಬಿಡೋಣ. ಈ ಊರಿನ ಹೆಸರು ಹೊತ್ತ ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆ 24 ಸಾವಿರ ಹೆಕ್ಟೇರಿಗೆಂದು ಮಾಡಿದ್ದು. ಸುತ್ತಲಿನ ಎರೆಹೊಲಗಳಲ್ಲಿ ಪೈಪು, ವಾಲ್ವು ಕಂಡೇ ಇರುತ್ತೀ. ಆರು ವರ್ಷದ ಹುಡುಗನೊಬ್ಬ ಹೊತ್ತು ಮುಳುಗುವ ತನಕ ಅದೇ ವಾಲ್ವನ್ನು ತಿರುವುತ್ತ ಕೂತರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಬಾಟಲಿ ಮುಚ್ಚಳಗಳನ್ನು ಸಾಲು ಹಚ್ಚಿ, ಯಾರೋ ಒಂದನ್ನು ಸರಿಸಿದರೆಂದು ನೆಲಕ್ಕೆ ಬಿದ್ದು ಒದರಾಡಿದರೆ, ಓಣಿಗೆ ಓಣಿಯೇ ನೋಡುತ್ತದೆ. ‘ಈ ಹುಡುಗಗ ಏನೋ ಆಗೇತ್ರಿ’ ಎಂದು ಅವನ ಅಜ್ಜಿಯೇ ಬಾಯಿಬಿಟ್ಟು ಹೇಳುತ್ತಾಳೆ. ದವಾಖಾನೆಗೆ ಹೋಗುವುದು ತಡವಾಗಬಹುದು. ಗಂಡು ಹುಡುಗರು ಮಾತಾಡುವುದೇ ತಡ, ಅವರಪ್ಪನೂ ಹಾಗೇ ಇದ್ದ, ನಾಲಿಗೆಗೆ ಬಜೆ ತಿಕ್ಕಿರಿ ಎನ್ನುವುದರಲ್ಲೇ ಎರಡು ವರ್ಷ ಸರಿದುಹೋಗುತ್ತವೆ. ಆದರೂ ಒಂದಿಲ್ಲೊಂದು ದಿನ ಯಾರಾದರೂ ಕರೆದುಕೊಂಡು ಹೋಗುತ್ತಾರೆ.

ಹುಡುಗಿಗೆ ಆ ಭಾಗ್ಯವೂ ಇಲ್ಲ. ಯಾಕೆಂದರೆ ಈ ಸ್ಥಿತಿಯ ಚಿತ್ರ ಬರೆದುಕೊಂಡವರು ಹೆಚ್ಚಾಗಿ ಹುಡುಗರನ್ನೇ ಮುಂದೆ ಕೂರಿಸಿಕೊಂಡು ಬರೆದರು. ಅಮೆರಿಕದಲ್ಲಿ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಪ್ರಕಟಿಸಿದಾಗ ಅವರಲ್ಲಿ 8 ಹುಡುಗರು, 3 ಹುಡುಗಿಯರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ವಿವರವಾಗಿ ಬರೆದ ನಾಲ್ವರೂ ಹುಡುಗರೇ. ಇವರಿಬ್ಬರಿಗಿಂತ ಮೊದಲು, 1920ರ ದಶಕದಲ್ಲೇ, ಮಾಸ್ಕೋದಲ್ಲಿ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ ಇಂಥ ಹುಡುಗರ ಬಗೆಗೂ ಹುಡುಗಿಯರ ಬಗೆಗೂ ಬೇರೆಬೇರೆಯಾಗಿ ಬರೆದಿದ್ದರು. ಆ ಬರಹ ಬಹುಕಾಲ ಮೂಲೆಯಲ್ಲಿ ಬಿದ್ದಿತ್ತು. ಹೆಣ್ಣು ಬರೆದದ್ದು, ಅದರಲ್ಲೂ ಹೆಣ್ಣುಮಕ್ಕಳ ಬಗ್ಗೆ ಬರೆದದ್ದು, ಆಶ್ಚರ್ಯವೇನಿಲ್ಲ ಬಿಡು.

1981ರಲ್ಲಿ ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಒಂದು ವಿಚಿತ್ರ ಲೆಕ್ಕ ಕೊಟ್ಟರು. ಇವರ ಸ್ವಂತ ಮಗಳಿಗೇ ಆಟಿಸಂ ಇತ್ತು. ಬುದ್ಧಿಮಾಂದ್ಯತೆಯೂ ಜೊತೆಗಿರುವ ಮಕ್ಕಳಲ್ಲಿ ಒಬ್ಬ ಹುಡುಗಿಗೆ ಸುಮಾರು ಇಬ್ಬರು ಹುಡುಗರು ಸಿಗುತ್ತಾರೆ. ಮಾತು, ಬುದ್ಧಿ ಚೆನ್ನಾಗಿರುವ ಮಕ್ಕಳಲ್ಲಿ ನೋಡಿದರೆ ಒಬ್ಬ ಹುಡುಗಿಗೆ 15 ಹುಡುಗರು! ಜಾಣ ಹುಡುಗಿಯರೆಲ್ಲ ಎಲ್ಲಿ ಹೋದರು? ಎಲ್ಲಿಗೂ ಹೋಗಿರಲಿಲ್ಲ. ಎರಡನೆಯ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು. ನಾಲ್ವರು ಹುಡುಗರಿಗೆ ಒಬ್ಬ ಹುಡುಗಿ ಎಂಬ ಲೆಕ್ಕ ಬಹಳ ವರ್ಷ ಪುಸ್ತಕಗಳಲ್ಲಿ ಓಡಾಡಿತು. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2017ರ ವಿಶ್ಲೇಷಣೆ ಅದನ್ನು ಮೂವರಿಗೆ ಒಬ್ಬಳು ಎಂಬಲ್ಲಿಗೆ ತಂದಿತು. ಅಮೆರಿಕದಲ್ಲಿ ಎಂಟು ವರ್ಷದ ಮಕ್ಕಳನ್ನು ಎಣಿಸುವ ಸರ್ಕಾರಿ ಸಮೀಕ್ಷೆಯಲ್ಲಿ ಹುಡುಗಿಯರಲ್ಲಿ ಆಟಿಸಂನ ಪ್ರಮಾಣ ಶೇಕಡಾ 1ನ್ನು ದಾಟಿದ್ದು 2023ರ ವರದಿಯಲ್ಲಿ, ಅದೇ ಮೊದಲು.

ಹುಡುಗಿಯರಲ್ಲಿ ಕಡಿಮೆ ಎನ್ನುವುದು ಪೂರ್ತಿ ಸುಳ್ಳೂ ಅಲ್ಲ. ಆಟಿಸಂಗೆ ವಂಶವಾಹಿಗಳ ಪಾಲು ದೊಡ್ಡದು. ಅದು ಹುಡುಗಿಯಲ್ಲಿ ಹೊರಗೆ ಕಾಣಬೇಕಾದರೆ ಹುಡುಗನಿಗಿಂತ ಹೆಚ್ಚಿನ ಆನುವಂಶಿಕ ಹೊರೆ ಬೇಕಾಗುತ್ತದೆ ಎಂದು ವಿಜ್ಞಾನಿಗಳು ವಾದಿಸುತ್ತಾರೆ, ಅದಕ್ಕೆ ಪುರಾವೆಗಳೂ ಇವೆ. ಆದರೆ ಶಾಲೆಯ ಅಂಗಳದಲ್ಲಿ ನಿಂತು ನೋಡಿದ ನನಗೆ ಇನ್ನೊಂದು ಕಾರಣ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ಹೆಣ್ಣುಮಗುವಿಗೆ ನಡೆಯಲು ಕಲಿಯುವ ಮುಂಚೆಯೇ ಸುಮ್ಮನಿರಲು ಕಲಿಸುತ್ತೇವೆ. ಹುಡುಗ ಮಾತಾಡದಿದ್ದರೆ ಚಿಂತೆ. ಹುಡುಗಿ ಮಾತಾಡದಿದ್ದರೆ ‘ಭಾಳ ಶಾಂತ ಐತ್ರಿ ನಮ್ಮ ಕೂಸು’ ಎಂಬ ಹೆಮ್ಮೆ.

ಆ ಶಾಂತ ಕೂಸು ನಿನ್ನ ಮೂರನೇ ಇಯತ್ತೆಯಲ್ಲಿದೆ ಎಂದುಕೋ. ಅಕ್ಷರ ದುಂಡಗೆ. ಹೋಮ್‌ವರ್ಕ್ ತಪ್ಪುವುದಿಲ್ಲ. ನೀನು ನಗೆಯ ಮಾತು ಹೇಳಿದಾಗ ಅವಳೂ ನಗುತ್ತಾಳೆ, ಆದರೆ ಕಣ್ಣಿಟ್ಟು ನೋಡು: ಮೊದಲು ಪಕ್ಕದವಳ ಮುಖ ನೋಡಿ, ಆಮೇಲೆ ನಗುತ್ತಾಳೆ. ಕೂದಲು ಹಿಂದೆ ಸರಿಸುವ ರೀತಿ, ‘ಅಯ್ಯs ಹೋಗ’ ಎನ್ನುವ ಧಾಟಿ ಎಲ್ಲವೂ ಪಕ್ಕದವಳದೇ. ಆ ಒಬ್ಬ ಗೆಳತಿ ಶಾಲೆಗೆ ಬಾರದ ದಿನ ಇವಳು ಊಟದ ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಬಕ್ಕೆ ಒರಗಿ ನಿಂತಿರುತ್ತಾಳೆ. ಆಷಾಢದ ಮಂಗಳವಾರ ಹುಡುಗಿಯರು ಗುಳ್ಳವ್ವನ ಆಡಲು ಕೂಡಿದಾಗ ಇವಳೂ ಇರುತ್ತಾಳೆ. ಮಣ್ಣಿನ ಗುಳ್ಳವ್ವನಿಗೆ ಗುಲಗಂಜಿ ಹಚ್ಚುವುದರಲ್ಲಿ ಇವಳಷ್ಟು ಅಚ್ಚುಕಟ್ಟು ಯಾರೂ ಇಲ್ಲ. ಹಾಡು, ಚೇಷ್ಟೆ, ಸುಳ್ಳುಜಗಳ ಶುರುವಾದ ಕೂಡಲೇ ಅಂಚಿಗೆ ಸರಿಯುತ್ತಾಳೆ. ದೂರದಿಂದ ನೋಡಿದವರಿಗೆ ಗುಂಪಿನಲ್ಲೇ ಇದ್ದ ಹಾಗೆ ಕಾಣುತ್ತದೆ. ಹುಡುಗನಾದರೆ ಗುಂಪು ಬಿಟ್ಟು ದೂರ ಹೋಗಿ ನಿಲ್ಲುತ್ತಿದ್ದ, ನಿನಗೆ ಕಾಣಿಸುತ್ತಿದ್ದ.

ಅವಳ ಹುಚ್ಚು ಕೂಡ ಮರ್ಯಾದಸ್ಥ ಹುಚ್ಚು. ನೇಕಾರರ ಮನೆಯ ಹುಡುಗಿಯಾದರೆ ಇಳಕಲ್ ಸೀರೆಯ ದಡಿಗಳ ಹೆಸರು, ಇದು ಗೋಮಿ, ಇದು ಗಾಡಿ, ಇದು ಚಿಕ್ಕಿ ಪರಾಸ ಎಂದು, ಬಂದವರೆಲ್ಲರ ಸೆರಗು ಹಿಡಿದು ಹೇಳಬಹುದು. ಕೇಳಿದವರು ಬೇಸತ್ತದ್ದು ಅವಳ ಗಮನಕ್ಕೆ ಬರುವುದಿಲ್ಲ. ಒಕ್ಕಲಿಗರ ಮನೆಯವಳಾದರೆ ಪ್ರತಿ ಕೋಳಿಗೂ ಹೆಸರಿಟ್ಟು ಅವುಗಳ ವಂಶಾವಳಿ ಒಪ್ಪಿಸಬಹುದು. ಟಿವಿ ಧಾರಾವಾಹಿಯ ಮಾತುಗಳನ್ನು ಒಂದಕ್ಷರ ಬಿಡದೆ ಹೇಳಬಹುದು. ವಾಲ್ವು ತಿರುಗಿಸುವ ಹುಡುಗನದು ರೋಗದಂತೆ ಕಾಣುತ್ತದೆ, ಇವಳದು ಜಾಣತನದಂತೆ. ಸರಾಸರಿ ನೋಡಿದರೆ, ಒಂದೇ ಕ್ರಿಯೆಯನ್ನು ಮತ್ತೆಮತ್ತೆ ಮಾಡುವುದು, ಒಂದೇ ವಸ್ತುವಿಗೆ ಅಂಟಿಕೊಳ್ಳುವುದು ಹುಡುಗಿಯರಲ್ಲಿ ಕಡಿಮೆ ಕಾಣುತ್ತದೆ ಎಂಬುದು ಸಂಶೋಧನೆಗಳಲ್ಲಿ ಗಟ್ಟಿಯಾಗಿ ನಿಂತ ಮಾತು. ನೋಡಬೇಕಾದ್ದು ಅವಳು ಯಾವುದನ್ನು ಹಿಡಿದಿದ್ದಾಳೆ ಎಂದಲ್ಲ. ಅದನ್ನು ಬಿಡಿಸಿ ಬೇರೆ ಮಾತಿಗೆ ತರಲು ಆಗುತ್ತದೆಯೇ ಎಂದು.

ಇನ್ನೊಂದು, ಬಹಳ ಮುಖ್ಯವಾದದ್ದು. ಇಂಥ ಹುಡುಗಿಯ ತಾಯಿ ಶಾಲೆಗೆ ಬಂದು, ‘ಅಕ್ಕೋರ, ನೀವು ಛಲೋ ಅದಾಳ ಅಂತೀರಿ. ಮನಿಗೆ ಬಂದ ಮ್ಯಾಲ ಪಾಟಿಚೀಲ ಒಗದು, ಹೊರಸಿನ ಕೆಳಗ ಹೊಕ್ಕೊಂಡು ಅಳ್ತಾಳ್ರಿ, ಮೈಮುಟ್ಟಿದ್ರ ಕಚ್ಚತಾಳ್ರಿ’ ಎಂದರೆ, ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ ಎಂದುಕೊಳ್ಳಬೇಡ. ನೀನು ಕಂಡದ್ದೂ ನಿಜ, ಅವಳು ಕಂಡದ್ದೂ ನಿಜ. ಬೆಳಗಿನಿಂದ ಸಂಜೆಯವರೆಗೆ ಪಕ್ಕದವಳನ್ನು ನೋಡಿ ನಗುತ್ತ, ಗಂಟೆಯ ಸದ್ದು, ಮೊಟ್ಟೆಯ ವಾಸನೆ, ಬಿಗಿಯಾಗಿ ಹೆಣೆದ ಜಡೆ, ಚುಚ್ಚುವ ಸಮವಸ್ತ್ರದ ಹೊಲಿಗೆ ಎಲ್ಲವನ್ನೂ ತಡೆದುಕೊಂಡ ಜೀವ ಮನೆಯ ಹೊಸ್ತಿಲು ದಾಟಿದ ಮೇಲೆ ಒಡೆಯುತ್ತದೆ. ತನ್ನ ಕಷ್ಟವನ್ನು ಮುಚ್ಚಿ ಬೇರೆಯವರಂತೆ ನಟಿಸುವುದನ್ನು ಸಂಶೋಧಕರು ಈಗ ಅಳತೆಗೆ ತಂದಿದ್ದಾರೆ, 2018ರಲ್ಲಿ ಅದಕ್ಕೆಂದೇ ಒಂದು ಪ್ರಶ್ನಾವಳಿ ಬಂದಿತು. ಹುಡುಗರೂ ನಟಿಸುತ್ತಾರೆ, ಹುಡುಗಿಯರು ಹೆಚ್ಚು. ಆ ನಟನೆಯ ಬೆಲೆಯನ್ನು ಮುಂದೆ ಆತಂಕ, ಖಿನ್ನತೆಗಳ ರೂಪದಲ್ಲಿ ತೆರುತ್ತಾರೆ.

ಹಾಗೆಂದು ಸುಮ್ಮನೆ ಕೂತ ಹುಡುಗಿಯರಿಗೆಲ್ಲ ಆಟಿಸಂ ಹೆಸರು ಹಚ್ಚಿ ಕೂರಬೇಡ. ಕಿವಿ ಕೇಳಿಸದ ಮಗುವೂ ಸುಮ್ಮನಿರುತ್ತದೆ, ಅದಕ್ಕೇ ಕಿವಿಯ ಪರೀಕ್ಷೆ ಮೊದಲು. ತಾಂಡಾದಿಂದ ಬಂದ ಮಗುವಿಗೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ; ವರ್ಷಗಟ್ಟಲೆ ಸುಮ್ಮನಿರಬಹುದು. ರಕ್ತ ಕಡಿಮೆ ಇದ್ದವಳು, ಮನೆಯಲ್ಲಿ ಹೊಡೆತ ತಿನ್ನುವವಳು ಕೂಡ ಮೂಲೆ ಹಿಡಿಯುತ್ತಾರೆ. ಬರೀ ನಾಚಿಕೆಯ ಹುಡುಗಿ ಗುರುತಾದವರ ನಡುವೆ ಅರಳುತ್ತಾಳೆ, ಆಟದ ಒಳಗುಟ್ಟು ಅವಳಿಗೆ ಗೊತ್ತಿರುತ್ತದೆ. ಹೆಸರು ಇಡುವುದು ವೈದ್ಯರ ಕೆಲಸ, ನಿನ್ನದು ನೋಡಿದ್ದನ್ನು ಬರೆದಿಡುವ ಕೆಲಸ.

ಈಗ ವಯಸ್ಸಿನ ಮಾತು: ಆಟಿಸಂನ ರೂಪ ವಯಸ್ಸಿನ ಜೊತೆ ಬದಲಾಗುತ್ತದೆ. ಒಮ್ಮೆ ನೋಡಿ ‘ಇಲ್ಲ’ ಎಂದು ಬರೆದು ಮುಗಿಸಿದ ಮಗುವನ್ನು ಮತ್ತೆ ನೋಡಲೇಬೇಕು ಎಂಬುದಕ್ಕೆ ಇದೇ ಕಾರಣ. ಎರಡು ವರ್ಷದ ಕೂಸುಗಳಲ್ಲಿ ಗಂಡು ಹೆಣ್ಣಿನ ಭೇದ ಅಷ್ಟಾಗಿ ಕಾಣುವುದಿಲ್ಲ: ಹೆಸರಿಗೆ ತಿರುಗದಿರುವುದು, ಬೆರಳು ಮಾಡಿ ‘ಅಲ್ನೋಡು’ ಎಂದು ತೋರಿಸದಿರುವುದು, ಬಂದ ಮಾತು ಒಂದೂವರೆ–ಎರಡು ವರ್ಷದ ಹೊತ್ತಿಗೆ ನಿಂತುಹೋಗುವುದು ಇಬ್ಬರಲ್ಲೂ ಒಂದೇ. ಅಂಗನವಾಡಿಯ ಅಕ್ಕನಿಗೆ ಇದನ್ನು ಹೇಳಿಡು. ಶಾಲೆಗೆ ಬರುವ ವಯಸ್ಸಿಗೆ ದಾರಿ ಕವಲೊಡೆಯುತ್ತದೆ. ಕೈ ಬಡಿಯುವುದು, ಗಿರಗಿರ ತಿರುಗುವುದು ಎಷ್ಟೋ ಮಕ್ಕಳಲ್ಲಿ ದೊಡ್ಡವರಾಗುತ್ತ ಇಳಿಯುತ್ತದೆ. ಮನೆಯವರು ‘ಹರಕಿ ಮುಟ್ಟಿತು, ಗುಣ ಆತು’ ಎನ್ನುತ್ತಾರೆ. ಕೂಡಲಸಂಗಮಕ್ಕೆ ಹರಕೆ ಹೊತ್ತವರನ್ನು ನೋಯಿಸಬೇಡ, ಆದರೆ ಆಟಿಸಂ ಹೋಗಿಲ್ಲ, ರೂಪ ಬದಲಿಸಿದೆ ಎಂಬುದನ್ನು ತಿಳಿಸು. ಕ್ಯಾನರ್ ಬರೆದ ಆ 11 ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಅವನು ಬೆಳೆದು ತನ್ನೂರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ದೇಶ ಸುತ್ತಿದ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯವರೆಗೂ ಆಟಿಸಂ ಇತ್ತು, ಬದುಕೂ ಇತ್ತು. ಊರಿನವರು ಅವನನ್ನು ಅವನಿದ್ದ ಹಾಗೆ ಒಪ್ಪಿಕೊಂಡಿದ್ದರು.

ಹುಡುಗಿಯರ ಕಷ್ಟ ಬಯಲಿಗೆ ಬರುವುದು ಹೆಚ್ಚಾಗಿ ಹನ್ನೊಂದು ಹನ್ನೆರಡರ ಮೇಲೆ. ಅಲ್ಲಿಯವರೆಗೆ ಗೆಳೆತನವೆಂದರೆ ಕುಂಟಾಟ, ಹಗ್ಗದಾಟ. ನಿಯಮ ಕಲಿತರೆ ಸಾಕು. ಆಮೇಲೆ ಗೆಳೆತನವೆಂದರೆ ಬರೀ ಮಾತು. ಯಾರು ಯಾರ ಜೊತೆ ಮಾತು ಬಿಟ್ಟಳು, ಯಾವ ಮಾತು ಚೇಷ್ಟೆ, ಯಾವುದು ಕೊಂಕು, ಯಾವ ಗುಟ್ಟನ್ನು ಯಾರ ಮುಂದೆ ಆಡಬಾರದು. ಈ ಶಾಸ್ತ್ರಕ್ಕೆ ಪುಸ್ತಕವಿಲ್ಲ. ನೋಡಿ ಕಲಿತದ್ದು ಇಲ್ಲಿ ಸಾಲದಾಗುತ್ತದೆ. ಅದೇ ಹೊತ್ತಿಗೆ ಏಳನೇ ಇಯತ್ತೆ ಮುಗಿದು ಹೈಸ್ಕೂಲು, ಹೊಸ ಮುಖಗಳು, ತಾಸಿಗೊಬ್ಬ ಮಾಸ್ತರು. ಇದ್ದಕ್ಕಿದ್ದ ಹಾಗೆ ‘ಜಾಣ ಹುಡುಗಿ ಹಿಂದೆ ಬಿದ್ದಳು’ ಎನ್ನುತ್ತಾರೆ, ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಾಳೆ, ಊಟ ಬಿಡುತ್ತಾಳೆ, ಮೈಯಲ್ಲಿ ಗಾಳಿ ಹೊಕ್ಕಿದೆ ಎಂದು ಯಾರೋ ತಾಯತ ಕಟ್ಟುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಇದನ್ನು ಒಪ್ಪಿಕೊಂಡಿತು: ಲಕ್ಷಣಗಳು ಬಾಲ್ಯದಿಂದಲೇ ಇರಬೇಕು, ಆದರೆ ಸುತ್ತಲಿನ ಬೇಡಿಕೆ ಮಗುವಿನ ಶಕ್ತಿಯನ್ನು ಮೀರುವ ತನಕ ಪೂರ್ತಿ ಕಾಣದೆ ಹೋಗಬಹುದು, ಕಲಿತ ಉಪಾಯಗಳಿಂದ ಮರೆಯಾಗಿಯೂ ಇರಬಹುದು.

ಆ ವಯಸ್ಸಿನಲ್ಲೇ ಮುಟ್ಟು ಶುರುವಾಗುತ್ತದೆ. ಬದಲಾವಣೆ ಒಗ್ಗದ ಹುಡುಗಿಗೆ ಮುನ್ಸೂಚನೆಯಿಲ್ಲದೆ ರಕ್ತ ಕಂಡರೆ ಏನಾಗಬೇಡ? ಮೊದಲೇ ಹೇಳು, ಚಿತ್ರ ಬರೆದು ಹೇಳು, ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಕಲಿಸು, ಪ್ಯಾಡನ್ನು ಮುಂಚೆಯೇ ಕೈಗೆ ಕೊಟ್ಟು ಮುಟ್ಟಿ ನೋಡಲು ಬಿಡು. ಮನೆಯಲ್ಲಿ ಕೊಡುವ ಬಟ್ಟೆಯ ಒರಟು ಅವಳಿಗೆ ತಡೆಯದಿದ್ದರೆ ತಾಯಿಗೆ ಹೇಳು, ಅದು ಸೊಕ್ಕಲ್ಲ.

ಇದಕ್ಕಿಂತ ಗಟ್ಟಿಯಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ದೊಡ್ಡವರು ಹೇಳಿದ್ದಕ್ಕೆಲ್ಲ ಹೂಂ ಎನ್ನುವ, ಮಾತಿನ ಹಿಂದಿನ ಹುಳುಕು ತಿಳಿಯದ ಹುಡುಗಿ ಕೆಟ್ಟವರ ಕೈಗೆ ಸುಲಭವಾಗಿ ಸಿಗುತ್ತಾಳೆ. ಅವಳ ವಿಧೇಯತೆಯನ್ನು ಹೊಗಳುವುದು ಬಿಡು. ‘ಬ್ಯಾಡ’ ಎನ್ನಲು ಕಲಿಸು, ಜೋರಾಗಿ ಎನ್ನಿಸು, ನಿನ್ನ ಮುಂದೆಯೇ ಎನ್ನಿಸು. ನೀನು ಹೇಳಿದ್ದಕ್ಕೆ ಅವಳು ಬೇಡ ಎಂದ ದಿನ ಸಿಟ್ಟಾಗಬೇಡ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿರಲಿ.

ಹುಡುಗರದು ಆ ವಯಸ್ಸಿನಲ್ಲಿ ಬೇರೆ ತೊಂದರೆ. ಮೈ ಬೆಳೆಯುತ್ತದೆ, ಕೈ ಎತ್ತಿದರೆ ತಾಯಿಗೆ ತಡೆಯಲಾಗುವುದಿಲ್ಲ. ಹುಡುಗರಿರಲಿ ಹುಡುಗಿಯರಿರಲಿ, ಕೆಲವರಿಗೆ ಮೊದಲ ಮೂರ್ಛೆ ಬರುವುದೂ ಆಗಲೇ. ಹಾಗಾದಾಗ ಕೈಗೆ ಕಬ್ಬಿಣ ಹಿಡಿಸಬೇಡ, ಉಳ್ಳಾಗಡ್ಡಿ ಮೂಸಿಸಬೇಡ. ಮಗ್ಗುಲಿಗೆ ಹೊರಳಿಸಿ ಮಲಗಿಸು, ಬಾಯಿಗೆ ಏನೂ ಹಾಕಬೇಡ, ದವಾಖಾನೆಗೆ ಕಳಿಸು.

ಎಲ್ಲಿಗೆ ಕಳಿಸಬೇಕು ಎಂದು ಕೇಳುತ್ತೀ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ತಪಾಸಣೆಗೆ ಬರಬೇಕು. 2013ರಿಂದ ಇರುವ ಈ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳದು. ಹಲ್ಲು, ಕಣ್ಣು, ತೂಕ ನೋಡಿ ಹೊರಡುವ ಮುಂಚೆ ಅವರ ಕೈಗೆ ನೀನು ನೋಡಿ ಬರೆದಿಟ್ಟ ನೋಟ್‌ಬುಕ್ ಕೊಡು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳಿಗೆಂದೇ ನೇಮಿಸಿದ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ, ಅವರ ಪರಿಚಯ ಮಾಡಿಕೋ. ಮುಂದಿನದು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ. ಅಲ್ಲಿಯೂ ಗೊತ್ತಾಗದಿದ್ದರೆ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್; ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ದೂರದ ದಾರಿ, ಕೂಲಿ ಬಿಟ್ಟು ಹೋಗಬೇಕು, ನನಗೆ ಗೊತ್ತು. ಅದಕ್ಕೇ ಹೋಗುವವರ ಕೈಯಲ್ಲಿ ನಿನ್ನ ಬರಹ ಇರಬೇಕು. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ನಮ್ಮ ದೇಶದಲ್ಲಿ ಬಳಸುವ ಇಸಾ ಎಂಬ ಅಳತೆಗೋಲಿನಲ್ಲಿ 40 ಅಂಶಗಳಿವೆ, 70ಕ್ಕಿಂತ ಕಡಿಮೆ ಅಂಕ ಬಂದರೆ ಆಟಿಸಂ ಇಲ್ಲ ಎಂದು ಲೆಕ್ಕ. ಹೊಸ ಜಾಗದಲ್ಲಿ, ಹೊಸ ವೈದ್ಯರ ಮುಂದೆ, ಅರ್ಧ ತಾಸು ಬೆನ್ನು ನೆಟ್ಟಗೆ ಮಾಡಿ ಕೂತು ಹೌದ್ರಿ ಇಲ್ರಿ ಎಂದು ಉತ್ತರ ಕೊಡುವ ಹುಡುಗಿಗೆ ಅಂಕ ಎಲ್ಲಿಂದ ಬರಬೇಕು? ‘ಗೆಳತಿ ಬಾರದ ದಿನ ಊಟ ಮಾಡಲಿಲ್ಲ’, ‘ವೇಳಾಪಟ್ಟಿ ಬದಲಾದಾಗ ಮೇಜಿನ ಕೆಳಗೆ ಕೂತಳು’ ಎಂದು ತಾರೀಖು ಹಾಕಿ ಬರೆದದ್ದು ಇದ್ದರೆ ವೈದ್ಯರಿಗೆ ಹಿಡಿತ ಸಿಗುತ್ತದೆ. ‘ಸ್ವಭಾವ ಸರಿಯಿಲ್ಲ’ ಎಂದು ಬರೆದರೆ ಯಾರಿಗೂ ಏನೂ ಸಿಗುವುದಿಲ್ಲ.

ತರಗತಿಯಲ್ಲಿ ಮಾಡಬೇಕಾದ್ದು ದೊಡ್ಡದೇನಲ್ಲ. ನಾಳೆ ಏನು ನಡೆಯುತ್ತದೆ ಎಂಬುದನ್ನು ಇವತ್ತೇ ಹೇಳು. ಗಂಟೆ ಹೊಡೆಯುವ ಮುಂಚೆ ಸನ್ನೆ ಮಾಡು. ‘ಕಣ್ಣಿಟ್ಟು ನನ್ನ ನೋಡು’ ಎಂದು ಗದ್ದ ಹಿಡಿದು ಎತ್ತಬೇಡ. ನೆಲ ನೋಡುತ್ತಲೇ ಅವಳು ಕೇಳಿಸಿಕೊಳ್ಳುತ್ತಾಳೆ. ಬಿಡುವಿನಲ್ಲಿ ಗ್ರಂಥಾಲಯದ ಮೂಲೆ ಬೇಕೆಂದರೆ ಕೊಡು.

ಮನೆಯವರ ಮುಂದೆ ಮಾತಾಡುವಾಗ ನಾಲಿಗೆ ಮೆತ್ತಗಿರಲಿ. ತಾಯಿಯನ್ನು ದೂರುವುದು ಸುಲಭ. ತಾಯಿಯ ತಣ್ಣನೆಯ ಮನಸ್ಸೇ ಕಾರಣ ಎಂದು ದೊಡ್ಡದೊಡ್ಡ ವೈದ್ಯರೇ ಒಂದು ಕಾಲಕ್ಕೆ ಹೇಳಿದ್ದರು, ಅದು ಸುಳ್ಳೆಂದು ತೀರ್ಮಾನವಾಗಿ ದಶಕಗಳಾದವು. ಲಸಿಕೆಯಿಂದ ಬರುತ್ತದೆ ಎಂದ 1998ರ ಪ್ರಬಂಧವನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಇಷ್ಟು ಹೇಳಿದರೂ ಒಂದು ಮಾತು ಬಂದೇ ಬರುತ್ತದೆ: ‘ಸರ್ಟಿಫಿಕೇಟ್ ಮಾಡಿಸಿದ್ರ ನಾಳೆ ಇಕೀನ್ನ ಯಾರು ಮಾಡ್ಕೋತಾರ್ರಿ?’ ಹುಡುಗನಿಗೆ ಮಾಡಿಸುತ್ತಾರೆ, ಪಿಂಚಣಿ ಬರುತ್ತದೆಂದು. ಹುಡುಗಿಯದನ್ನು ಮುಚ್ಚಿಡುತ್ತಾರೆ. ಇದಕ್ಕಿಂತ ಕೆಟ್ಟದ್ದು ‘ಮದವಿ ಮಾಡಿದ್ರ ತಾನೇ ಸರಿ ಹೋಗ್ತಾಳ’ ಎಂಬ ಮಾತು. ಹೊಸ ಮನೆ, ಹೊಸ ಜನ, ಹೊಸ ಅಡುಗೆ, ಹೊಸ ಹಾಸಿಗೆ, ಬದಲಾವಣೆ ತಡೆಯದ ಜೀವಕ್ಕೆ ಎಲ್ಲ ಬದಲಾವಣೆಯನ್ನೂ ಒಂದೇ ದಿನ ತಲೆಯ ಮೇಲೆ ಹೇರುವುದು ಅದು. ಮದುವೆಯೇ ಬೇಡ ಎನ್ನುತ್ತಿಲ್ಲ. ಆಟಿಸಂ ಇರುವ ಎಷ್ಟೋ ಹೆಣ್ಣುಮಕ್ಕಳು ಮದುವೆಯಾಗಿ, ಮಕ್ಕಳನ್ನು ಹೆತ್ತು, ಆ ಮಗುವನ್ನು ತೋರಿಸಲು ಹೋದಾಗಲೇ ತಮ್ಮ ಬಗ್ಗೆ ತಿಳಿದುಕೊಂಡಿದ್ದಾರೆ. ಔಷಧಿಯೆಂದು ಮದುವೆ ಮಾಡಬೇಡಿ ಎನ್ನುತ್ತಿದ್ದೇನೆ.

ಕಾನೂನು ಅವರ ಕಡೆಗಿದೆ ಎಂಬುದನ್ನೂ ಹೇಳು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಒಂದು. ಶೇಕಡಾ 40 ಅಥವಾ ಹೆಚ್ಚು ಎಂದು ದೃಢಪಟ್ಟರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಖರ್ಚು ಬರುತ್ತದೆ. ಇದಕ್ಕೆಲ್ಲ ಬೇಕಾಗುವ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಪೆಟ್ಟಿಗೆಯಲ್ಲಿಡುವ ವಸ್ತು, ಕೊರಳಿಗೆ ಕಟ್ಟಿಕೊಂಡು ತಿರುಗುವುದಲ್ಲ. ಮದುವೆಯ ಮಾತು ಬಂದಾಗ ಏನು ಹೇಳಬೇಕೆಂಬುದನ್ನು ಆ ಹುಡುಗಿಯೇ ದೊಡ್ಡವಳಾಗಿ ನಿರ್ಧರಿಸಲಿ.

ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಹತ್ತುವುದಿಲ್ಲ. ನಿನಗೇ ದಾರಿ ತೋಚದಾಗ ನೀನೂ ಹಚ್ಚಬಹುದು. ತಪಾಸಣೆಯ ತಂಡ ಈ ವರ್ಷ ಬರುವ ಮುಂಚೆ ಒಂದು ಪಟ್ಟಿ ಮಾಡು. ಅದರಲ್ಲಿ ಬರೀ ಹುಡುಗರ ಹೆಸರೇ ಇದ್ದರೆ ಪಟ್ಟಿಯನ್ನು ಪಕ್ಕಕ್ಕಿಟ್ಟು, ಇನ್ನೊಂದು ವಾರ ತರಗತಿಯನ್ನು ನೋಡಿ, ಆಮೇಲೆ ಕೊಡು.